ಬಾನಿ ಕೆಟ್ಟಾಗ ಬಿಟ್ಟ ಸುದ್ದಿ

ಮುಂಬಯಿ
೨೦ ನವೆಂಬರ್ ೧೯೪೭

ಅಣ್ಣ ವಿರೂಪಾಕ್ಷಪ್ಪನಿಗೆ ಗದಿಗೆವ್ವನ ನಮಸ್ಕಾರ. ಅವ್ವನಿಗೂ ತಿಳಿಸು.

ನೀನು ಕಳಿಸಿದ ಬಾನಿ ನೀರಿನ ಸೀಸೆ ಒಡೆಯದೆ ಬಂತು. ಬಿರುಡೆ ಮಾತ್ರ ಸಡಿಲಾಗಿ ರೈಲಿನ ತುಂಬ ನಮ್ಮ ಬಾನಿಯ ನಾತ ಹರಡಿತ್ತಂತೆ. ಪಾರ್ಸೆಲ್ ಆಫೀಸಿನ ಗುಮಾಸ್ತ ಮೂಗು ಮುಚ್ಚಿಕೊಂಡೇ ಸಹಿ ಹಾಕಿಸಿಕೊಂಡ. ಪ್ರಯೋಗಾಲಯದಲ್ಲಿ ಎಲ್ಲರೂ ಕಿಟಕಿ ತೆಗೆದರು. ನಾನು ಬಿರುಡೆ ತೆಗೆದು ಬಗ್ಗಿ ಮೂಸಿದೆ. ಬೆಟಗೇರಿ ಬಿಟ್ಟ ಮೇಲೆ ಮನೆಯ ವಾಸನೆ ಮೂಗಿಗೆ ಬಂದದ್ದು ಇದೇ ಮೊದಲು.

ನೂಲಿಗೆ ನೀಲಿ ಅದ್ದುವ ನೀಲಗಾರರ ಮಗಳು ಇಷ್ಟೆಲ್ಲ ರಸಾಯನಶಾಸ್ತ್ರ ಓದಿ ಕೊನೆಗೆ ಬಣ್ಣದ ಬಾನಿಗೇ ಬಂದಳಲ್ಲ ಎಂದು ನಗಬೇಡ. ನೀಲಿ ಎಂಬುದು ನೀರಿನಲ್ಲಿ ಕರಗುವ ವಸ್ತುವಲ್ಲ. ನೆಲದಲ್ಲಿ ಹೂತ ಬಾನಿಗೆ ತಗಚಿ ಬೀಜದ ಗಂಜಿ, ಸುಣ್ಣ ಹಾಕಿಟ್ಟರೆ ಅದು ಹೇಗೆ ಕರಗುತ್ತದೆ, ಒಂದು ದಿನ ಇದ್ದಕ್ಕಿದ್ದಂತೆ ಬಾನಿ ಯಾಕೆ ಕೆಡುತ್ತದೆ ಎಂದು ಇಲ್ಲಿಯ ದೊಡ್ಡ ಪುಸ್ತಕಗಳಲ್ಲಿ ಎರಡೇ ಸಾಲು ಇವೆ. ಅವೂ ತಪ್ಪು. ಗಂಜಿಯಲ್ಲಿ ಹುಟ್ಟುವ, ಕಣ್ಣಿಗೆ ಕಾಣದ ಜೀವಗಳ ಕೆಲಸ ಅದು ಎಂದು ನನ್ನ ವಾದ. ನಮ್ಮ ಗುರುಗಳು "ಸಾಧಿಸಿ ತೋರಿಸು" ಎಂದರು. ಹೊಗಳುವ ಮನುಷ್ಯರಲ್ಲ. ಆದರೆ ದಿನಾ ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಾರೆ.

ಇನ್ನೊಂದು ಮಾತು. ಇಂಗ್ಲೆಂಡಿನಲ್ಲಿ ಬಣ್ಣಗಳ ಮೇಲೆಯೇ ಸಂಶೋಧನೆ ನಡೆಸುವ ಪ್ರಯೋಗಾಲಯ ಒಂದಿದೆ. ಅಲ್ಲಿಯ ಫೆಲೋಶಿಪ್ಪಿಗೆ ಗುರುಗಳು ನನ್ನ ಹೆಸರು ಕಳಿಸಿದ್ದಾರೆ. ನಮ್ಮಲ್ಲಿಂದ ಹೆಣ್ಣುಮಕ್ಕಳು ಯಾರೂ ಹೋಗಿಲ್ಲ. ನನ್ನ ಕೆಲಸಕ್ಕೆ ಬೇಕಾದ ಯಂತ್ರ ಇಲ್ಲಿಲ್ಲ, ಅಲ್ಲಿದೆ. ಹೋದರೆ ಈ ಕೆಲಸ ಪೂರ್ತಿಯಾಗುತ್ತದೆ, ಹೋಗದಿದ್ದರೆ ಅರ್ಧಕ್ಕೆ ನಿಲ್ಲುತ್ತದೆ. ಅವ್ವನಿಗೆ ಈಗಲೇ ಹೇಳಬೇಡ. ಹಡಗು ಅಂದರೆ ಅಳುತ್ತಾಳೆ.

ನಿನ್ನ
ಗದಿಗೆವ್ವ


ಬೆಟಗೇರಿ
೬ ಮಾರ್ಚ್ ೧೯೪೮

ಚಿರಂಜೀವಿ ಗದಿಗೆವ್ವಗ ಅಣ್ಣನ ಆಶೀರ್ವಾದ.

ಬಾನಿ ಕೆಟ್ಟೈತಿ. ಅಪ್ಪ ಹೋದ ಮ್ಯಾಲೆ ನನ್ನ ಕೈಯಾಗ ಕೆಟ್ಟ ಮೊದಲನೇ ಬಾನಿ ಇದು. ಮ್ಯಾಲಿನ ತಾಮ್ರದಂಥಾ ಕೆನಿ ಹೋಗಿ ಬೂದಿ ಬಣ್ಣ ಬಂದೈತಿ. ನೂಲು ಅದ್ದಿದ್ರ ಮಾಸಿದ ಅರಿವಿಯಂಗ ಮ್ಯಾಲೆ ಬರತೈತಿ. ಸುಣ್ಣ ಹಾಕಿದೆ, ಮತ್ತ ಹಾಕಿದೆ, ಇನ್ನಷ್ಟು ಕೆಟ್ಟಿತು. ಯುಗಾದಿ ಆದಕೂಡಲೇ ಮದವಿ ಸುರು. ನೇಕಾರರೆಲ್ಲಾ ಚಂದ್ರಕಾಳಿ ಸೀರಿಗೆ ನೀಲಿಯಾಗ ಮ್ಯಾಲಿಂದ ಮ್ಯಾಲೆ ಅದ್ದಿದ ನಮ್ಮ ಕರೀ ನೂಲಿನ ದಾರಿ ಕಾಯ್ಕೋತ ಕುಂತಾರ. ನಮ್ಮ ಆಳು ದ್ಯಾಮಪ್ಪ ಎಲ್ಲಾರ ಮುಂದ "ಅಪ್ಪಾರ ಕೈಗುಣಾನ ಬ್ಯಾರೇ ಇತ್ತು ಬಿಡ್ರಿ" ಅಂದ. ಮಾರಿ ಎತ್ತಿ ಓಣ್ಯಾಗ ಅಡ್ಡಾಡಾಕ ಆಗವಲ್ದು.

ಅವ್ವ ಒಂದ ಹಟ ಹಿಡದಾಳ, ಸುದ್ದಿ ಬಿಡು ಅಂತ. ನಮ್ಮ ಮಂದಿ ರಿವಾಜು ನೀ ಮರತಿರಾಕಿಲ್ಲ. ಬಾನಿ ಕೆಟ್ಟಾಗ ಮುಚ್ಚಳಾ ಮುಚ್ಚಿ ಊರಾಗ ಒಂದು ಸುಳ್ಳು ಬಿಡೂದು, ಊರು ನಂಬಿತಂದ್ರ ಬಾನಿ ತಿಳಿ ಆಗತೈತಿ. ಆ ಬಾನಿ ನೂಲು ಪೂರಾ ಹೊರಗ ಬರೂತನಕಾ ಅದು ಸುಳ್ಳು ಅಂತ ಬಾಯಿ ಬಿಡಂಗಿಲ್ಲ. ಬಿಟ್ರ ಬಾನಿ ಸತ್ತಂಗ. ಅಪ್ಪ ಒಮ್ಮೆ ಹರ್ತಿಯೊಳಗ ಎಮ್ಮಿ ಬಿಳೀ ಕರಾ ಹಾಕೇತಿ ಅಂತ ಬಿಟ್ಟಿದ್ದ. ಕಳಸಾಪುರದ ಮಂದಿ ಬುತ್ತಿ ಕಟಗೊಂಡು ನೋಡಾಕ ಹೋಗಿದ್ರು.

ಈಗ ಅಂಥಾ ಸುದ್ದಿ ಯಾರು ಕೇಳ್ತಾರ? ನಿಜಾಮನ ಸೀಮಿಯಿಂದ ರಜಾಕಾರರಿಗೆ ಅಂಜಿ ಮಂದಿ ಗಂಟು ಹೊತಗೊಂಡು ಮುಂಡರಗಿಗೆ ಬರಾಕ ಹತ್ತ್ಯಾರ. ಗಡಿ ಶಿಬಿರದಾಗ ನಮ್ಮ ಹುಡುಗೂರು ಬಂದೂಕು ಹಿಡಕೊಂಡು ಕುಂತಾರ. ಖರೆ ಸುದ್ದಿನ ಇಷ್ಟು ದೊಡ್ಡದು ಇದ್ದಾಗ ಎಮ್ಮಿ ಕರಕ್ಕ ಯಾರೂ ಕಿವಿ ಕೊಡೂದಿಲ್ಲ. ನೀ ಶಾಣ್ಯಾಕಿ. ಏನರ ಮದ್ದು ಇದ್ರ ಜಲ್ದಿ ಬರಿ.

ವಿರೂಪಾಕ್ಷಪ್ಪ


ಮುಂಬಯಿ
೧೩ ಮಾರ್ಚ್ ೧೯೪೮

ಅಣ್ಣಾ,

ಮೊದಲು ಸುಣ್ಣದ ಡಬ್ಬಿಯನ್ನು ಅಟ್ಟಕ್ಕೆ ಏರಿಸು. ಬಾನಿಯನ್ನು ಕೆಡಿಸಿದ್ದೇ ಅದು. ಸುಣ್ಣ ಅತಿಯಾದರೆ ಒಳಗಿನ ಜೀವಗಳು ಮಲಗಿಬಿಡುತ್ತವೆ. ಒಂದು ಬೊಗಸೆ ತಗಚಿ ಗಂಜಿ ಹಾಕಿ, ಮುಚ್ಚಳ ಮುಚ್ಚಿ, ಸುತ್ತ ಹೊಟ್ಟು ಒಟ್ಟಿ ಬೆಚ್ಚಗಿಟ್ಟು, ಕೈ ಕಟ್ಟಿ ಕೂತುಬಿಡು. ಕಲಕಬೇಡ, ತೆರೆದು ನೋಡಬೇಡ. ನಿನಗೆ ಅದೇ ಕಷ್ಟ ಅಂತ ಗೊತ್ತು.

ಈಗ ಒಂದು ಮೋಜು ಕೇಳು. ಕಾಲೇಜಿನಲ್ಲಿದ್ದಾಗ ಈ ಸುದ್ದಿ ಬಿಡುವ ರಿವಾಜಿಗೆ ನಾನು ನಕ್ಕಿದ್ದೆ. ಈಗ ನಗುವುದಿಲ್ಲ. ಸುಳ್ಳು ಊರೂರು ಸುತ್ತಿ ಬರುವ ತನಕ ನೀವು ಯಾರೂ ಬಾನಿಯ ಮುಚ್ಚಳ ತೆಗೆಯುವುದಿಲ್ಲ. ಆ ಪುರಸೊತ್ತಿನಲ್ಲಿ ಬಾನಿ ತಾನಾಗಿ ಚೇತರಿಸಿಕೊಳ್ಳುತ್ತದೆ. ನಮ್ಮ ಹಿರಿಯರಿಗೆ ಸೂಕ್ಷ್ಮಜೀವಿ ಗೊತ್ತಿರಲಿಲ್ಲ, ನೀಲಗಾರನ ಚಡಪಡಿಕೆ ಚೆನ್ನಾಗಿ ಗೊತ್ತಿತ್ತು. ಗುರುಗಳಿಗೆ ಇದನ್ನು ಹೇಳಿದಾಗ ಅವರು ಮೊದಲ ಸಲ ಜೋರಾಗಿ ನಕ್ಕರು, "ಪ್ರಬಂಧದಲ್ಲಿ ಬರಿ" ಅಂದರು. ಅದಕ್ಕೇ ಹೇಳುತ್ತೇನೆ, ಅವ್ವನ ಮಾತು ಮೀರಬೇಡ. ಈ ಸಲ ದೊಡ್ಡ ಸುಳ್ಳನ್ನೇ ಬಿಡು, ಲಕ್ಷ್ಮೇಶ್ವರ ಶಿರಹಟ್ಟಿ ಎಲ್ಲ ಸುತ್ತಿ ನಿಧಾನವಾಗಿ ಬರಲಿ. ಎಷ್ಟು ದೂರ ಹೋದರೆ ಬಾನಿಗೆ ಅಷ್ಟು ಒಳ್ಳೆಯದು.

ಫೆಲೋಶಿಪ್ ನನಗೆ ಸಿಕ್ಕಿದೆ ಅಣ್ಣಾ. ಸೆಪ್ಟೆಂಬರಿನಲ್ಲಿ ಹಡಗು. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೇನೆ. ಗದಗಿನ ಪೊಲೀಸರು ಮನೆಗೆ ಬಂದು ನನ್ನ ಬಗ್ಗೆ ವಿಚಾರಿಸುತ್ತಾರೆ. ಹುಡುಗಿ ನೆಟ್ಟಗಿದ್ದಾಳೆ ಅಂತ ಹೇಳಿ, ಚಹಾ ಕುಡಿಸಿ ಕಳಿಸು.

ಗದಿಗೆವ್ವ


ಬೆಟಗೇರಿ
೨೧ ಏಪ್ರಿಲ್ ೧೯೪೮

ಚಿ. ಗದಿಗೆವ್ವಗ ಆಶೀರ್ವಾದ.

ಬಾನಿ ಗೆದ್ದಿತು. ಮುಚ್ಚಳಾ ತಗದಾಗ ತಾಮ್ರದ ಕೆನಿ ಹೊಳೀತಿತ್ತು. ದ್ಯಾಮಪ್ಪ ಬಾನಿಗೆ ಕೈ ಮುಗದ. ನೂಲು ಹಸರಾಗಿ ಮ್ಯಾಲೆ ಬಂದು ಗಾಳಿ ತಗಲಿದ ಕೂಡಲೇ ನೀಲಿ ತಿರುಗಿತು. ಅವ್ವ ಬೆಲ್ಲ ಹಂಚಿದಳು. ಈಗ ಓಣ್ಯಾಗ ಎದಿ ಉಬ್ಬಿಸಿ ಅಡ್ಡಾಡ್ತೇನಿ.

ಯಾವ ಸುದ್ದಿ ಬಿಟ್ಟಿ ಅಂತ ಕೇಳಬ್ಯಾಡ. ಕೆಟ್ಟ ಮಾತಲ್ಲ, ಹೆಮ್ಮಿ ಮಾತು. ತಗಚಿ ಬೀಜಾ ತರೂ ಮಾಶಾಕ ಬಂಡಿ ಹೂಡಿಕೊಂಡು ಮುಂಡರಗಿ ಸಂತಿಗೆ ಹೋಗ್ತಾನಲ್ಲ, ಅವನ ಕಿವಿಗೆ ಹಾಕಿದೆ. ಸ್ವಲ್ಪ ದಿನಕ್ಕ ಲಕ್ಷ್ಮೇಶ್ವರದಾಂವ ಒಬ್ಬ ಬಂದು ಅದನ್ನ ಕೋಡು ಬಾಲ ಹಚ್ಚಿ ನನಗ ಹೇಳಿದ. ನಾನು ಹೌದಾ ಅಂತ ಬಾಯಿ ತಕ್ಕೊಂಡು ಕೇಳಿದೆ.

ಪೊಲೀಸ ಜಮಾದಾರ ಬಂದಿದ್ದ. ಅವತ್ತ ಬಾನಿಯಾಗ ನೂಲು ಇಳಿಸಿದ್ದಿವಿ. ನಿನ್ನ ಬಗ್ಗೆ ಕೇಳಿದ. ಚಾ ಕುಡಿಸಿ ಕಳಿಸೀನಿ, ಚಿಂತಿ ಬ್ಯಾಡ.

ಒಂದು ಮಾತು. ಪಾಸ್‌ಪೋರ್ಟಿಗೆ ಊರ ಮಂದಿ ಆಡೂ ಮಾತು ಹಿಡೀತಾರೇನು? ಸುಮ್ನ ಕೇಳಿದೆ.

ವಿರೂಪಾಕ್ಷಪ್ಪ


ಮುಂಬಯಿ
೨೫ ಜೂನ್ ೧೯೪೮

ಅಣ್ಣಾ,

ಪಾಸ್‌ಪೋರ್ಟ್ ಕೊಡುವುದಿಲ್ಲವಂತೆ. ಕಾರಣ ತಿಳಿಸಲು ಬರುವುದಿಲ್ಲವಂತೆ. ಆಫೀಸಿನಲ್ಲಿ ಮೂರು ಮೇಜು ಸುತ್ತಿದೆ. ಕೊನೆಯ ಮೇಜಿನವನು ನನ್ನನ್ನು ಒಂದು ನಮೂನೆ ನೋಡಿ, "ನಿಮಗೇ ಗೊತ್ತಿರಬೇಕಲ್ಲ" ಎಂದ. ನನಗೆ ಏನು ಗೊತ್ತಿರಬೇಕು?

ನನ್ನ ಜಾಗಕ್ಕೆ ಇನ್ನೊಬ್ಬ ಹೋಗುತ್ತಿದ್ದಾನೆ. ಅವನು ನಮ್ಮ ಗುರುಗಳ ಅಕ್ಕನ ಮಗ. ಈಗ ಎಲ್ಲ ತಿಳಿಯಿತು. ದಿನಾ ಬಂದು ಮೇಜಿನ ಹತ್ತಿರ ನಿಲ್ಲುತ್ತಿದ್ದದ್ದು ಯಾಕೆಂದೂ ತಿಳಿಯಿತು. ನಿನ್ನೆ ಎಲ್ಲರೆದುರು ಕೇಳಿಬಿಟ್ಟೆ, "ನನ್ನ ಮೇಲೆ ಪೊಲೀಸರಿಗೆ ಬರೆದವರು ನೀವೇ ಅಲ್ಲವೇ?" ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ನಾನಲ್ಲ" ಅಂದರು. ತಮ್ಮ ಕೋಣೆಗೆ ಹೊರಟುಹೋದರು. ತಪ್ಪಿಲ್ಲದವನು ಇಷ್ಟಕ್ಕೇ ಬಿಡುತ್ತಾನೆಯೇ?

ಊರಲ್ಲಿ ಯಾರಾದರೂ ನನ್ನ ಬಗ್ಗೆ ಏನಾದರೂ ಅಂದಿದ್ದಾರೆಯೇ? ಒಂದೇ ಸಲ ಕೇಳುತ್ತೇನೆ. ನೀನು ಜಮಾದಾರನಿಗೆ ಸರಿಯಾಗಿ ಹೇಳಿದ್ದರೆ ಇದು ಇಲ್ಲಿಯವರದೇ ಕೆಲಸ.

ಗದಿಗೆವ್ವ


ಬೆಟಗೇರಿ
೧೦ ಜುಲೈ ೧೯೪೮

ಚಿ. ಗದಿಗೆವ್ವಗ,

ಕಾಗದ ಮುಟ್ಟಿತು. ಸರಕಾರದ ಕೆಲಸ, ನಮ್ಮಂಥವರಿಗೆ ಏನು ತಿಳೀತೈತಿ? ಅಕ್ಕನ ಮಗಾ ಅಂದ ಮ್ಯಾಲೆ ಬ್ಯಾರೆ ಹೇಳೂದೇನೈತಿ. ತಮ್ಮ ಮಂದೀನ ಬಿಟ್ಟು ಯಾರು ಯಾರಿಗೆ ಬಿಟ್ಟುಕೊಡ್ತಾರ? ನಿಮ್ಮ ಗುರುಗಳದ ಕೆಲಸ ಇರಬೇಕು.

ನಮ್ಮಲ್ಲಿ ಮಳಿ ಚಲೋ ಆಗೇತಿ. ಕುರ್ತಕೋಟಿ ಕಡೆ ಬಿತ್ತಿಗಿ ಮುಗೀತು. ಶಿರಹಟ್ಟಿಯೊಳಗ ಒಬ್ಬ ವರ ಅದಾನ, ವಕೀಲಕಿ ಮಾಡ್ತಾನ. ಓದಿದ್ದು ಸಾಕು, ಬಂದುಬಿಡು ಅಂತಾಳ ಅವ್ವ.

ವಿರೂಪಾಕ್ಷಪ್ಪ


ಮುಂಬಯಿ
೩ ಫೆಬ್ರುವರಿ ೧೯೫೦

ವಿರೂಪಾಕ್ಷಪ್ಪನವರಿಗೆ,

ನೀವು ಕಳಿಸಿದ ಸೀರೆ ಬಂತು. ಉಟ್ಟಿಲ್ಲ.

ಸಂಶೋಧನೆ ಬಿಟ್ಟು ವರ್ಷದ ಮೇಲಾಯಿತು. ಆ ಮನುಷ್ಯನ ಕೆಳಗೆ ಕೆಲಸ ಮಾಡುವುದು ನನ್ನಿಂದ ಆಗಲಿಲ್ಲ. ಅವರು ಒಂದು ಸಾಲು ಒಳ್ಳೆಯ ಮಾತು ಬರೆದುಕೊಡದೆ ಬೇರೆ ಯಾರೂ ತೆಗೆದುಕೊಳ್ಳುವುದಿಲ್ಲ, ಅವರನ್ನು ಕೇಳುವುದು ನನ್ನಿಂದಾಗದು. ಈಗ ಒಂದು ಪ್ರಯೋಗಾಲಯದಲ್ಲಿ ಹಾಲು ಪರೀಕ್ಷೆ ಮಾಡುತ್ತೇನೆ. ಗೌಳಿಗರು ಎಷ್ಟು ನೀರು ಬೆರೆಸಿದ್ದಾರೆ ಎಂದು ಹೇಳುವುದು ನನ್ನ ಕೆಲಸ. ಬೆಳಿಗ್ಗೆ ಹಾಲು, ಮಧ್ಯಾಹ್ನ ಹಾಲು. ಜಾಣ ಗೌಳಿಗ ನೀರಿಗೆ ಸಕ್ಕರೆ ಸೇರಿಸುತ್ತಾನೆ, ಅಂಥವನು ಸಿಕ್ಕ ದಿನ ನನಗೆ ಹಬ್ಬ.

ಇನ್ನು ವರಗಳ ವಿಷಯ ಬರೆಯಬೇಡಿ. ಬಾನಿಯ ವಿಷಯವನ್ನೂ ಬರೆಯಬೇಡಿ.

ಗದಿಗೆವ್ವ


ಮುಂಬಯಿ
೧೯ ಆಗಸ್ಟ್ ೧೯೫೪

ವಿರೂಪಾಕ್ಷಪ್ಪನವರಿಗೆ,

ಅವ್ವನ ಕಾಲುನೋವಿಗೆ ಔಷಧ ಕಳಿಸಿದ್ದೇನೆ. ಹಚ್ಚುವುದು, ಕುಡಿಯುವುದಲ್ಲ.

ಗುರುಗಳು ತೀರಿಕೊಂಡರು. ನಾನು ಹೋಗಲಿಲ್ಲ. ಕೊನೆಗೆ ನನ್ನನ್ನು ನೋಡಬೇಕು ಅಂದರಂತೆ. ನನ್ನ ಪಾಸ್‌ಪೋರ್ಟಿಗಾಗಿ ಎರಡು ಸಲ ದಿಲ್ಲಿಗೆ ಬರೆದಿದ್ದರು ಎಂದು ಅವರ ಹೆಂಡತಿ ಹೇಳಿಕಳಿಸಿದ್ದರು. ಸಾಯುವಾಗ ಎಲ್ಲರೂ ಒಳ್ಳೆಯವರಾಗುತ್ತಾರೆ. ನಾನು ನಂಬಲಿಲ್ಲ.

ಗದಿಗೆವ್ವ


ಬೆಟಗೇರಿ
೧೮ ಅಕ್ಟೋಬರ್ ೧೯೫೬

ಚಿ. ಗದಿಗೆವ್ವಗ ಅಣ್ಣನ ಆಶೀರ್ವಾದ.

ಬರೂ ಒಂದನೇ ತಾರೀಖಿಗೆ ಕನ್ನಡ ಮಂದಿ ಎಲ್ಲಾ ಒಂದ ರಾಜ್ಯ ಆಗ್ತೀವಿ. ಗದಗಿನಾಗ ದೊಡ್ಡ ಜಲಸಾ. ಹತ್ತಿ ಅರಳಿ ವ್ಯಾಪಾರದ ಕುಬೇರಪ್ಪನವರು ಉತ್ಸವ ಸಮಿತಿಗೆ ಮುಖ್ಯಸ್ಥರು. ಊರಿನ ಹೋರಾಟಗಾರರಿಗೆ ಸನ್ಮಾನ ಇಟ್ಟಾರ. ಅದರಾಗ ನಿನ್ನ ಹೆಸರೂ ಐತಿ. ಆಮಂತ್ರಣ ಇದರಾಗ ಇಟ್ಟೀನಿ. ನಿನ್ನ ಹೆಸರಿನ ಕೆಳಗ ಬರದಿದ್ದು ಓದಿ ಸಿಟ್ಟಾಗಬ್ಯಾಡ. ಊರು ನಂಬೇತಿ, ನಂಬಲಿ ಬಿಡು.

ಬೆಂಗಳೂರಾಗ ಹೊಸಾ ಸರಕಾರದ ಪ್ರಯೋಗಾಲಯ ಆಗತೈತಂತ. ಬಣ್ಣದ್ದ ಒಂದು ವಿಭಾಗ ಐತಿ. ದೇಶಕ್ಕಾಗಿ ನೊಂದವರಿಗೆ ಮೊದಲು ಜಾಗಾ. "ನಿಮ್ಮ ತಂಗಿ ಒಮ್ಮೆ ಬಂದು ಶಾಲು ಹೊದಿಸಿಕೊಂಡು ಹೋಗ್ಲಿ, ಉಳದದ್ದು ನಾ ನೋಡ್ಕೋತೇನಿ" ಅಂದಾರ ಕುಬೇರಪ್ಪನವರು. ಹಾಲು ಅಳಿಯೂ ಕೆಲಸ ಬಿಟ್ಟು ನಿನ್ನ ಕೆಲಸಕ್ಕ ಹೋಗಾಕ ಬರತೈತಿ. ಅವರು ಏನಂದ್ರೂ ಹೂಂ ಅನ್ನು, ಸಾಕು.

ವಿರೂಪಾಕ್ಷಪ್ಪ


ಮುಂಬಯಿ
೨೩ ಅಕ್ಟೋಬರ್ ೧೯೫೬

ಅಣ್ಣಾ,

ಆಮಂತ್ರಣದಲ್ಲಿ ಅಚ್ಚು ಹಾಕಿಸಿದ್ದಾರೆ: "ನಿಜಾಮನ ವಿರುದ್ಧದ ಹೋರಾಟದಲ್ಲಿ ಮುಂಬಯಿಯ ಪ್ರಯೋಗಾಲಯದಿಂದ ನಮ್ಮ ಗಡಿ ಶಿಬಿರಕ್ಕೆ ಗುಟ್ಟಾಗಿ ಬಾಂಬಿನ ಮದ್ದು ತಯಾರಿಸಿ ಕಳಿಸಿದ ವೀರಪುತ್ರಿ." ಯಾರೋ ಬೇರೆಯವಳು ಅಂದುಕೊಂಡು ಮೇಲಿನ ಹೆಸರನ್ನು ಮತ್ತೆ ಓದಿದೆ.

ಇದೇ ಅಲ್ಲವೇ ನೀನು ಬಿಟ್ಟ ಹೆಮ್ಮೆಯ ಸುದ್ದಿ? ಜಮಾದಾರ ಕೇಳಿದ್ದೂ ಇದನ್ನೇ ಅಲ್ಲವೇ? ಊರ ಮಂದಿಯ ಮಾತು ಹಿಡಿಯುತ್ತಾರೆಯೇ ಎಂದು ನೀನು ಕೇಳಿದ್ದೆ, ನಾನು ಓದಿ ನಕ್ಕು ಮಡಿಚಿಟ್ಟಿದ್ದೆ. ಬಾಂಬು ಮಾಡುವ ಹುಡುಗಿಗೆ ಯಾವ ಸರಕಾರ ಪಾಸ್‌ಪೋರ್ಟ್ ಕೊಡುತ್ತದೆ?

ಆ ಮನುಷ್ಯ "ನಾನಲ್ಲ" ಅಂದಿದ್ದರು. ಎಲ್ಲರೆದುರು ಕಳ್ಳನನ್ನು ಹಿಡಿದ ಹಾಗೆ ಹಿಡಿದಿದ್ದೆ ನಾನು ಅವರನ್ನು. ಎರಡು ಸಲ ದಿಲ್ಲಿಗೆ ಬರೆದದ್ದು ನಿಜ. ಸಾಯುವಾಗ ಕರೆದರೆ ನಾನು ಹೋಗಲಿಲ್ಲ. ಈಗ ಯಾರ ಹತ್ತಿರ ಹೋಗಲಿ ಹೇಳು. ನಿನಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೂ "ನಿಮ್ಮ ಗುರುಗಳದ ಕೆಲಸ ಇರಬೇಕು" ಎಂದು ಬರೆದೆ. ಸುದ್ದಿ ಬಿಟ್ಟದ್ದನ್ನು ಒಂದು ದಿನ ಮರೆತೇನು. ಆ ಒಂದು ಸಾಲನ್ನು ಮರೆಯುವುದಿಲ್ಲ.

ಸನ್ಮಾನಕ್ಕೆ ಬರುತ್ತೇನೆ. ವೇದಿಕೆಯ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಖರೆ ಹೇಳುತ್ತೇನೆ. ನೀನು ಮುಂದೆ ಕೂತು ಕೇಳು.

ಗದಿಗೆವ್ವ


ಬೆಟಗೇರಿ
೨೭ ಅಕ್ಟೋಬರ್ ೧೯೫೬

ಗದಿಗೆವ್ವಾ,

ನೀ ಬೈದಿದ್ದು ಬರೋಬ್ಬರಿ ಐತಿ. ಆದರ ನನ್ನದೂ ಕೇಳು. ಜಮಾದಾರ ಹಿತ್ತಲದಾಗ ನಿಂತು "ನಿಮ್ಮ ತಂಗಿ ಬಾಂಬು ಮಾಡ್ತಾಳಂತ, ಖರೆ ಏನು?" ಅಂದ. ಬಾನಿಯಾಗ ಅರ್ಧ ಬೆಟಗೇರಿಯ ಮದವಿ ನೂಲು ಇಳಿಸಿದ್ದಿವಿ. ಎದುರಿಗೆ ದ್ಯಾಮಪ್ಪ, ಅವ್ವ, ನೇಕಾರರು ಎಲ್ಲಾರೂ ನನ್ನ ಬಾಯಿನ ನೋಡ್ತಿದ್ರು. ಸುಳ್ಳು ಅಂದಿದ್ರ ಬಾನಿ ಅಲ್ಲೇ ಸಾಯ್ತಿತ್ತು. ನೀ ನಗತಿ, ನಮಗ ಅದು ನಗೂ ಮಾತಲ್ಲ. ನಾ ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಚಾ ತರಿಸಿದೆ. ನೂಲು ಪೂರಾ ತಗದು ಮರುದಿನ ಹೋಗಿ ಹೇಳಬೇಕಂದೆ, ಅಷ್ಟರಾಗ ಅಂವ ವರದಿ ಕಳಿಸಿದ್ದ. ಆಮ್ಯಾಲೆ ನಿನಗ ಬರಿಯಾಕ ಕೈ ಏಳಲಿಲ್ಲ.

ದೊಡ್ಡ ಸುಳ್ಳು ಬಿಡು, ದೂರ ಹೋಗ್ಲಿ ಅಂತ ಬರದಾಕಿ ನೀನ. ಅದನ್ನೂ ಮರೀಬ್ಯಾಡ.

ವೇದಿಕಿ ಮ್ಯಾಲೆ ಮಾನ ಕಳೀಬ್ಯಾಡ. ನಿನ್ನ ಕಾಲು ಬೀಳ್ತೇನಿ.

ವಿರೂಪಾಕ್ಷಪ್ಪ


ಬೆಂಗಳೂರು
೫ ಜನವರಿ ೧೯೫೭

ಅಣ್ಣಾ,

ಗದಗಿಗೆ ಬಂದೂ ಮನೆಗೆ ಬರಲಿಲ್ಲ ಎಂದು ಅವ್ವ ಅತ್ತಳಂತೆ. ಬರಲು ಮನಸ್ಸಾಗಲಿಲ್ಲ.

ನಾನು ಹೇಳಿದ್ದು ನೀನೂ ಕೇಳಿದೆ. ಒಂದು ಮಾತನ್ನೂ ಸುತ್ತಿ ಬಳಸಿ ಹೇಳಲಿಲ್ಲ. "ನಾನು ಬಾಂಬು ಮಾಡಿಲ್ಲ. ಮದ್ದು ಹೇಗೆ ಕುಟ್ಟುತ್ತಾರೆ ಎಂಬುದೂ ನನಗೆ ತಿಳಿಯದು. ನೀಲಿ ಬಾನಿ ಯಾಕೆ ಕೆಡುತ್ತದೆ ಎಂದು ಹುಡುಕುತ್ತಿದ್ದೆ, ಅದನ್ನೂ ಅರ್ಧಕ್ಕೆ ಬಿಟ್ಟೆ. ಈ ಸುದ್ದಿ ನಮ್ಮ ಮನೆಯವರು ಬಾನಿಗಾಗಿ ಬಿಟ್ಟ ಸುಳ್ಳು." ಅಷ್ಟು ಹೇಳಿ ಮುಗಿಸುವಾಗ ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಮಂದಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕುಬೇರಪ್ಪನವರು ಕಣ್ಣೊರೆಸಿಕೊಂಡು ಮೈಕು ಹಿಡಿದು, "ನೋಡ್ರಿ, ಖರೆ ಕ್ರಾಂತಿಕಾರಿ ಹಿಂಗ ಇರ್ತಾರ. ಎಂದೂ ಒಪ್ಪಂಗಿಲ್ಲ" ಅಂದರು. ಮತ್ತೆ ಚಪ್ಪಾಳೆ. ಎರಡನೇ ಸಾಲಿನಲ್ಲಿ ನೀನೂ ತಟ್ಟುತ್ತಿದ್ದೆ. ನಾನು ನೋಡಿದೆ. ಒಂಬತ್ತು ವರ್ಷದಲ್ಲಿ ನೀನು ನನಗೆ ಸಂತೋಷದಿಂದ ಮಾಡಿದ್ದು ಅದೊಂದೇ ಇರಬೇಕು.

ಆಮೇಲೆ ಬೆಂಗಳೂರಿನಿಂದ ಸಂದರ್ಶನದ ಕಾಗದ ಬಂತು. ಹರಿದುಹಾಕಬೇಕು ಅಂದುಕೊಂಡೇ ಹೊರಟೆ. ಸಂದರ್ಶನದ ಕೋಣೆಗೂ ಪ್ರಯೋಗಾಲಯಕ್ಕೂ ನಡುವೆ ಗಾಜಿನ ಬಾಗಿಲು. ಆಚೆ ಮೇಜಿನ ಮೇಲೆ ನಾನು ಇಂಗ್ಲೆಂಡಿಗೆ ಹುಡುಕಿಕೊಂಡು ಹೋಗಬೇಕಿದ್ದ ಯಂತ್ರ ಇತ್ತು, ಅರ್ಧ ಪೆಟ್ಟಿಗೆಯಲ್ಲಿ, ಅರ್ಧ ಹೊರಗೆ. ಅದರಲ್ಲಿ ಏನೇನು ಹಾಕಿ ನೋಡಬಹುದು ಎಂದು ಅಲ್ಲೇ ಕೂತು ಲೆಕ್ಕ ಹಾಕತೊಡಗಿದೆ. ಹಾಲಿನಿಂದ ನನ್ನ ತಲೆ ಪೂರ್ತಿ ಕೆಟ್ಟಿರಲಿಲ್ಲ.

ವಯಸ್ಸಾದ ಅಧಿಕಾರಿ ಒಳ್ಳೆಯ ಮನುಷ್ಯ. ನನ್ನ ಓದು, ಕೆಲಸ ಎಲ್ಲ ಕೇಳಿದರು. ಕೊನೆಗೆ ತಗ್ಗಿದ ದನಿಯಲ್ಲಿ, "ಗಡಿ ಶಿಬಿರಕ್ಕೆ ಮದ್ದು ಕಳಿಸುತ್ತಿದ್ದವರು ನೀವೇ ಅಂತೆ, ನಿಜವೇ ತಾಯಿ?" ಎಂದರು. ಗದಗಿನ ವೇದಿಕೆಯ ಮೇಲೆ ನಾನು ಅಂದದ್ದನ್ನು ಇವರ ಮುಂದೆ ಇನ್ನೊಮ್ಮೆ ಅಂದರೆ ಸಾಕಿತ್ತು. ಈ ಮನುಷ್ಯ ನಂಬುತ್ತಿದ್ದರು. ಅದು ನನಗೆ ಗೊತ್ತಿತ್ತು.

ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಅವರು ಚಹಾ ತರಿಸಿದರು.

ಸೋಮವಾರದಿಂದ ಕೆಲಸಕ್ಕೆ ಹೋಗುತ್ತೇನೆ. ನಿನ್ನನ್ನು ಬೈಯಲು ಈಗ ನನಗೆ ಬಾಯಿಲ್ಲ. ಇನ್ನು ಮುಂದೆ ಬರೆಯುವುದೂ ಇಲ್ಲ.

ಗದಿಗೆವ್ವ